ಹಿಮನದಿಯ ಗಾತ್ರ ಫೋಟೋದಲ್ಲಿ ಕಾಣಬೇಕಾದರೆ ಏನು ಮಾಡಬೇಕು? (ಗೋಮುಖ, ಡ್ರಾಂಗ್-ಡ್ರುಂಗ್, ಅಭ್ಯಾಸಕ್ಕೆ ಜೋಗ)

ತುಂಗಾತೀರ, ಶಿವಮೊಗ್ಗ
ಸೆಪ್ಟೆಂಬರ್ ಕೊನೆಗೆ ಇಲ್ಲಿಂದ ಒಂದು ತಂಡ ಗಂಗೋತ್ರಿ ಹಿಮನದಿಯ ತುದಿಯಾದ ಗೋಮುಖಕ್ಕೆ ಹೊರಟಿದೆ. ಅದರಲ್ಲಿ ಕೆಲವರು ಮುಂದಿನ ವರ್ಷ ಲಡಾಖಿನ ಝನ್‌ಸ್ಕಾರ್‌ಗೂ ಹೋಗಿ ಡ್ರಾಂಗ್-ಡ್ರುಂಗ್ ಹಿಮನದಿ ತೆಗೆಯುವವರಿದ್ದಾರೆ. ಗಂಗೋತ್ರಿ ಹಿಮನದಿ ಸುಮಾರು 30 ಕಿ.ಮೀ. ಉದ್ದ, 2ರಿಂದ 4 ಕಿ.ಮೀ. ಅಗಲ. ಆದರೆ ಗೋಮುಖದಿಂದ ಬರುವ ಹೆಚ್ಚಿನ ಫೋಟೋ ನೋಡಿದರೆ ಮಳೆಗಾಲಕ್ಕೆ ಕೆಲಸ ನಿಲ್ಲಿಸಿದ ಜಲ್ಲಿ ಕ್ವಾರಿಯ ಹಾಗೆ ಕಾಣುತ್ತದೆ. ಬೂದು ಬಣ್ಣದ ಗುಡ್ಡೆ, ಕೆಳಗೊಂದು ಕಪ್ಪು ಬಾಯಿ, ಅಷ್ಟೇ. ಪ್ರಶ್ನೆ ಮೂರು. 24-70, 70-200 ಮಿ.ಮೀ. ಜೂಮ್ ಲೆನ್ಸ್ ಎರಡೂ ಹೊರಬೇಕಾ? ಟ್ರೈಪಾಡ್ ಬೇಕಾ? ಹೊರಡುವ ಮೊದಲು ನಮ್ಮ ಕಡೆ ಎಲ್ಲಿ ಅಭ್ಯಾಸ ಮಾಡಬಹುದು?

ಗುಡ್ಡದಂಚು, ಹೊಸನಗರ
ಲೆನ್ಸ್ ಮಾತು ಆಮೇಲೆ. ನೋಡುವವರಿಗೆ ಗಾತ್ರ ತಿಳಿಯುವುದು ಅವರಿಗೆ ಮೊದಲೇ ಅಳತೆ ಗೊತ್ತಿರುವ ಒಂದು ವಸ್ತುವಿನಿಂದ. ಆ ವಸ್ತು ಹಿಮ ಇರುವಷ್ಟೇ ದೂರದಲ್ಲಿ ಇರಬೇಕು. ಎಲ್ಲರೂ ಎಡವುವುದು ಈ ಎರಡನೆಯ ಮಾತಿನಲ್ಲೇ.

ಲೆಕ್ಕ ಸುಲಭ. ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಬೀಳುವ ಹಲಗೆ) ಮೇಲೆ ಬೀಳುವ ಎತ್ತರ = ಲೆನ್ಸಿನ ಫೋಕಲ್ ಲೆಂತ್ (ಲೆನ್ಸಿನ ಮೇಲೆ ಬರೆದಿರುವ ಮಿ.ಮೀ. ಸಂಖ್ಯೆ) × ವಸ್ತುವಿನ ಎತ್ತರ ÷ ದೂರ. 60 ಮೀಟರ್ ಎತ್ತರದ ಹಿಮದ ಗೋಡೆ 2 ಕಿ.ಮೀ. ದೂರದಲ್ಲಿದೆ ಅಂತಿಟ್ಟುಕೊಳ್ಳಿ. 24 ಮಿ.ಮೀ. ಲೆನ್ಸಿನಲ್ಲಿ ಆ ಗೋಡೆ ಸೆನ್ಸರ್ ಮೇಲೆ 0.72 ಮಿ.ಮೀ. ಬೀಳುತ್ತದೆ. ಗೆಳೆಯನನ್ನು ಕ್ಯಾಮೆರಾದಿಂದ 5 ಮೀಟರ್ ದೂರ ನಿಲ್ಲಿಸಿದರೆ ಅವನು 8 ಮಿ.ಮೀ. ಬೀಳುತ್ತಾನೆ. ಅಂದರೆ ಚಿತ್ರದಲ್ಲಿ ಮನುಷ್ಯ ಗೋಡೆಗಿಂತ 11 ಪಟ್ಟು ಎತ್ತರ! 'ಮನುಷ್ಯನನ್ನು ಫ್ರೇಮಿನಲ್ಲಿಡಿ' ಅಂತ ಎಲ್ಲರೂ ಹೇಳುತ್ತಾರೆ. ಎಲ್ಲಿಡಬೇಕು ಅನ್ನುವುದನ್ನು ಹೇಳದಿದ್ದರೆ ಆ ಸಲಹೆಯಿಂದ ಚಿತ್ರ ಇನ್ನೂ ಕೆಡುತ್ತದೆ. ಅದೇ ಮನುಷ್ಯ ಗೋಡೆಯ ದೂರದಲ್ಲೇ ಇದ್ದರೆ ಯಾವ ಲೆನ್ಸ್ ಹಾಕಿದರೂ ಗೋಡೆ ಅವನಿಗಿಂತ 35 ಪಟ್ಟು ದೊಡ್ಡದಾಗಿಯೇ ಕಾಣುತ್ತದೆ.

ಇನ್ನು ಲೆನ್ಸ್. 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ (36×24 ಮಿ.ಮೀ. ಸೆನ್ಸರ್) ಕ್ಯಾಮೆರಾ, 500 ಮೀಟರ್ ದೂರದಲ್ಲಿ 1.7 ಮೀಟರ್ ಎತ್ತರದ ಮನುಷ್ಯ. 24 ಮಿ.ಮೀ.ನಲ್ಲಿ ಅವನ ಎತ್ತರ ಸುಮಾರು 14 ಪಿಕ್ಸೆಲ್, 70ರಲ್ಲಿ 40, 200ರಲ್ಲಿ 113. ಮೊಬೈಲ್ ಪರದೆಗೆ ಅಂತ ಚಿತ್ರವನ್ನು 1080 ಪಿಕ್ಸೆಲ್ ಅಗಲಕ್ಕೆ ಇಳಿಸಿದಾಗ ಇವು 2, 7, 20 ಆಗುತ್ತವೆ. ಎರಡು ಪಿಕ್ಸೆಲ್ ಮನುಷ್ಯ ಇದ್ದರೂ ಇಲ್ಲದ ಹಾಗೆ. ಏಳು ಪಿಕ್ಸೆಲ್ ಅಂದರೆ ಕೆಂಪು ಜಾಕೆಟ್ ಹಾಕಿದ್ದರೆ ಮಾತ್ರ ಕಣ್ಣಿಗೆ ಸಿಗುವ ಚುಕ್ಕೆ. ಹಾಗಂತ 200ಕ್ಕೇ ಅಂಟಿಕೊಳ್ಳಬೇಡಿ. 500 ಮೀಟರ್ ದೂರದಲ್ಲಿ ಅದು ಹಿಡಿಯುವುದು ಬರೀ 90 ಮೀಟರ್ ಅಗಲ, 60 ಮೀಟರ್ ಎತ್ತರ. 70 ಮಿ.ಮೀ. ಸುಮಾರು 257 ಮೀಟರ್ ಅಗಲ ಹಿಡಿಯುತ್ತದೆ. ನನ್ನ ಪ್ರಕಾರ ಮನುಷ್ಯ ಚಿತ್ರದ ಎತ್ತರದ ನಲವತ್ತರಲ್ಲಿ ಒಂದರಿಂದ ನೂರರಲ್ಲಿ ಒಂದರ ನಡುವೆ ಇರಬೇಕು. ಆದ್ದರಿಂದ 70-200 ಖಂಡಿತ ಹೊರಿ. ಒಂದನ್ನು ಬಿಡಲೇಬೇಕು ಅಂದರೆ 24-70 ಬಿಡಿ, ವಿಶಾಲ ನೋಟಕ್ಕೆ ಮೊಬೈಲ್ ಸಾಕು.

ಶರಾವತಿ ಹಿನ್ನೀರು, ಸಾಗರ
ಅಭ್ಯಾಸಕ್ಕೆ ಜೋಗಕ್ಕಿಂತ ಒಳ್ಳೆಯ ಜಾಗ ನಮಗಿಲ್ಲ. ಗೊತ್ತಿರುವ ಎತ್ತರ, 253 ಮೀಟರ್. ಹಿಮನದಿಯಲ್ಲಿ ಆಗುವ ತೊಂದರೆಗಳೆಲ್ಲ ಇಲ್ಲೂ ಆಗುತ್ತವೆ.

ಮೊದಲನೆಯದು, ಇಡೀ ಜಲಪಾತ ಫ್ರೇಮಿಗೆ ತುಂಬಿಸುವ ಹಟ. 253 ಮೀಟರ್ ಅಂದರೆ ಮನುಷ್ಯನ ಎತ್ತರದ ಸುಮಾರು 149 ಪಟ್ಟು. ತಲೆಯಿಂದ ಬುಡದವರೆಗೆ ಪೂರ್ತಿ ಹಿಡಿದರೆ ಕೆಳಗೆ ಬಂಡೆ ಮೇಲೆ ನಿಂತವರು ಫ್ರೇಮಿನ ನೂರೈವತ್ತರಲ್ಲಿ ಒಂದು ಭಾಗವೂ ಇರಲ್ಲ. ಮೇಲಿನವರು ಹೇಳಿದ ಮಿತಿ ದಾಟಿತು. ಅದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಅಳತೆ ಕೊಡಬೇಕು: ಮನುಷ್ಯನಿಂದ ಪೊದೆ, ಪೊದೆಯಿಂದ ಬಂಡೆಯ ಪದರ, ಪದರದಿಂದ ಧಾರೆ. ಇಲ್ಲವಾದರೆ ಧಾರೆಯ ಕೆಳಗಿನ ಮೂರನೇ ಒಂದು ಭಾಗ ಮಾತ್ರ ತೆಗೆದು ತಲೆ ಕತ್ತರಿಸಿ. ಫ್ರೇಮಿನಾಚೆ ಹೋದ ಎತ್ತರವನ್ನು ನೋಡುವವರ ಮನಸ್ಸೇ ಪೂರ್ತಿ ಮಾಡಿಕೊಳ್ಳುತ್ತದೆ.

ಎರಡನೆಯದು ಶಟರ್ ವೇಗ. ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಗಾಜು) ಹಾಕಿ ಎರಡು ಸೆಕೆಂಡ್ ತೆರೆದು ರಾಜ ಧಾರೆಯನ್ನು ಹಾಲಿನ ಎಳೆ ಮಾಡುತ್ತಾರಲ್ಲ, ಅದು ಗಾತ್ರವನ್ನು ಕೊಲ್ಲುತ್ತದೆ. ರೇಷ್ಮೆಯಂತೆ ನುಣುಪಾದ ನೀರು ಹತ್ತಡಿ ತೊರೆಯಲ್ಲೂ ಹಾಗೇ ಕಾಣುತ್ತದೆ, 253 ಮೀಟರಿನಲ್ಲೂ ಹಾಗೇ ಕಾಣುತ್ತದೆ. ನೀರು ಗಡ್ಡೆಗಡ್ಡೆಯಾಗಿ ಒಡೆದು, ಬಾಲ ಬಿಟ್ಟುಕೊಂಡು, ಕೆಳಗೆ ಬರುವಷ್ಟರಲ್ಲಿ ಹೊಗೆಯಾಗುತ್ತದಲ್ಲ, ಎತ್ತರಕ್ಕೆ ಸಾಕ್ಷಿ ಆ ವಿವರ. ಸೆಕೆಂಡಿಗೆ 40 ಮೀಟರ್ ವೇಗ ಅಂತಿಟ್ಟುಕೊಂಡರೆ 1/500 ಸೆಕೆಂಡಿನಲ್ಲಿ ನೀರು ಸರಿಯುವುದು 8 ಸೆಂ.ಮೀ., 1/4 ಸೆಕೆಂಡಿನಲ್ಲಿ 10 ಮೀಟರ್. 1/500ಕ್ಕಿಂತ ನಿಧಾನ ಮಾಡಬೇಡಿ. ವಿಡಿಯೋ ಆದರೆ ಕ್ಯಾಮೆರಾ ಅಲ್ಲಾಡಿಸದೆ 20 ಸೆಕೆಂಡ್ ಹಿಡಿಯಿರಿ. ಗಾಳಿಯ ತಡೆ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೂ ನೀರು ಮೇಲಿಂದ ಬುಡಕ್ಕೆ ಬರಲು 7 ಸೆಕೆಂಡ್ ಬೇಕು. ಒಂದು ಗಡ್ಡೆಯನ್ನು ಕಣ್ಣಲ್ಲಿ ಹಿಂಬಾಲಿಸಲು ನೋಡುವವರಿಗೆ ಬಿಡುವು ಕೊಟ್ಟರೆ ಎತ್ತರ ತಾನಾಗಿ ತಿಳಿಯುತ್ತದೆ.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ಜೋಗದ ನೀರು ಅಣೆಕಟ್ಟಿನ ಲೆಕ್ಕದಲ್ಲೇ ಬರುತ್ತದೆ. ಅಭ್ಯಾಸಕ್ಕೆ ತುಂಬು ನೀರು ಬೇಕಾಗಿಲ್ಲ. ನೀರು ಕಡಿಮೆ ಇದ್ದಾಗ ಬಂಡೆಯ ಪದರಗಳು ಚೆನ್ನಾಗಿ ಕಾಣುತ್ತವೆ, ಹಿಮದ ಗೋಡೆಗೆ ಹತ್ತಿರದ ಅಭ್ಯಾಸ ಅದು. ಕೆಳಗೆ ಇಳಿಯಲು ಬಿಡುತ್ತಾರೋ ಇಲ್ಲವೋ ಆಯಾ ದಿನವೇ ಕೇಳಿಕೊಳ್ಳಿ.

ಅಡಿಕೆ ಚಪ್ಪರ, ಸೊರಬ
ಮೊಬೈಲ್ ಮಾತ್ರ ಇರುವವರಿಗೆ ಏನಾದರೂ ಹೇಳಿ ಮಾರಾಯ್ರೆ. ತಂಡದಲ್ಲಿ ಅರ್ಧ ಜನ ಅಂಥವರೇ.

ಗುಡ್ಡದಂಚು, ಹೊಸನಗರ
ಮೊಬೈಲಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 24 ಮಿ.ಮೀ. ಆಸುಪಾಸಿನದು, ಅಂದರೆ ಪರ್ವತವನ್ನು ಕುಗ್ಗಿಸುವ ಲೆನ್ಸು. ಮೂರು ಪಟ್ಟಿನ ನಿಜವಾದ ಟೆಲಿ ಲೆನ್ಸ್ ಇದ್ದರೆ ಅದು ಸುಮಾರು 70ಕ್ಕೆ ಸಮ, ಅದನ್ನೇ ಬಳಸಿ. ಬೆರಳಿನಿಂದ ಹಿಗ್ಗಿಸುವ ಜೂಮ್ ಬೇಡ. ದೃಶ್ಯ ಗುರುತಿಸಿ ತಾನೇ ತಿದ್ದುವ ಎಐ ಆಯ್ಕೆ ಆಫ್ ಮಾಡಿ, ಎಚ್‌ಡಿಆರ್ ಕಡಿಮೆ ಮಾಡಲು ಬಂದರೆ ಮಾಡಿ. ಬಿರುಕುಗಳ ನೆರಳನ್ನು ಅದು ಎತ್ತಿ ಬೆಳಗಿಸಿಬಿಡುತ್ತದೆ. ನೆರಳು ಹೋದರೆ ಆಳವೂ ಹೋಯಿತು. 0.5 ಅನ್ನುವ ಅತಿ ವಿಶಾಲ ಲೆನ್ಸನ್ನು ಮರೆತುಬಿಡಿ.

ಮಂಜುಮಲೆ, ತೀರ್ಥಹಳ್ಳಿ
ಎಲ್ಲರೂ ಬಿಟ್ಟುಬಿಟ್ಟ ಒಂದು ವಿಷಯ ಇದೆ, ಗಾಳಿ.

ನಮ್ಮ ಕಣ್ಣು ಮಲೆನಾಡಿನ ತೇವದ ಗಾಳಿಗೆ ಪಳಗಿದೆ. ಕುಂದಾದ್ರಿ ಮೇಲೆ ನಿಂತು ನೋಡಿದರೆ ಹತ್ತಿರದ ಗುಡ್ಡ ಕಡುಹಸಿರು, ಅದರಾಚೆಯದು ನೀಲಿ, ಅದಕ್ಕೂ ಆಚೆಯದು ಬರೀ ಬೂದು ಗೆರೆ. ಒಂದೊಂದು ಪದರ ಮಸುಕಾದಂತೆ ಇಷ್ಟಿಷ್ಟು ದೂರ ಅಂತ ತಲೆ ಲೆಕ್ಕ ಹಾಕುತ್ತದೆ. ಸುಮಾರು 4,000 ಮೀಟರ್ ಎತ್ತರದ ಗೋಮುಖದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ 60ರ ಆಸುಪಾಸು. ತೇವ ಕಡಿಮೆ, ಧೂಳು ಕಡಿಮೆ. ಹತ್ತು ಕಿ.ಮೀ. ಆಚೆಯ ಶಿಖರದ ಅಂಚೂ ಚೂಪಾಗಿ ಕಾಣುತ್ತದೆ. ದೂರದ ಗುರುತು ಅಳಿಸಿಹೋಗುವುದರಿಂದ 6,543 ಮೀಟರಿನ ಶಿವಲಿಂಗ ಶಿಖರ ಪಕ್ಕದ ಗುಡ್ಡದ ಹಾಗೆ ಕಾಣುತ್ತದೆ. ಅಲ್ಲೇ ನಿಂತವರ ಕಣ್ಣೂ ಮೋಸಹೋಗುತ್ತದೆ, ಫೋಟೋದಲ್ಲಿ ಕೇಳುವುದೇ ಬೇಡ.

ಹಾಗಾಗಿ ಇರುವ ಅಷ್ಟಿಷ್ಟು ಮಸುಕನ್ನು ಕಾಪಾಡಿಕೊಳ್ಳಿ. ಎಡಿಟ್ ಮಾಡುವಾಗ ಮಸುಕು ತೆಗೆಯುವ ಡಿಹೇಝ್ ಗುಂಡಿ ಎಳೆಯುವುದು ಈಗ ಎಲ್ಲರ ಚಟ. ಹಿಮನದಿ ಚಿತ್ರದಲ್ಲಿ ಅದು ಹಿಂದಿನ ಶಿಖರಗಳನ್ನು ಎಳೆದು ತಂದು ಹಿಮದ ಮೇಲೆ ಅಂಟಿಸುತ್ತದೆ. ಬೇಕಾದರೆ ಮುಂಭಾಗಕ್ಕೆ ಮಾತ್ರ ಮಾಸ್ಕ್ ಹಾಕಿ ಕಾಂಟ್ರಾಸ್ಟ್ ಏರಿಸಿ, ಹಿಂಭಾಗ ಮುಟ್ಟಬೇಡಿ. ಕಣಿವೆಯಲ್ಲಿ ಮೋಡ ನುಗ್ಗಿದರೆ ಕ್ಯಾಮೆರಾ ಒಳಗಿಡಬೇಡಿ. ಹಿಮದ ಗೋಡೆಗೂ ಅದರ ಹಿಂದಿನ ಪರ್ವತಕ್ಕೂ ನಡುವೆ ಮೋಡದ ಒಂದು ಎಳೆ ಬಂದರೆ ಯಾವ ಲೆನ್ಸೂ ಕೊಡಲಾಗದ ದೂರ ಸಿಗುತ್ತದೆ.

ಪೋಲರೈಸರ್ (ಆಕಾಶದ ನೀಲಿಯನ್ನು ಗಾಢ ಮಾಡುವ, ತಿರುಗಿಸುವ ಫಿಲ್ಟರ್) ಬಗ್ಗೆಯೂ ಹೇಳಬೇಕು. ಆ ಎತ್ತರದಲ್ಲಿ ಆಕಾಶ ಮೊದಲೇ ಕಡುನೀಲಿ. 24ರಲ್ಲಿ ಪೋಲರೈಸರ್ ಪೂರ್ತಿ ತಿರುಗಿಸಿದರೆ ಒಂದು ಮೂಲೆ ಕಪ್ಪು, ಇನ್ನೊಂದು ಮೂಲೆ ತಿಳಿ. ಆಮೇಲೆ ಸರಿಮಾಡುವುದು ಕಷ್ಟ.

ಬೆಳಕಿಂಡಿ, ಭದ್ರಾವತಿ
ಮನುಷ್ಯನನ್ನು ಇಡುವ ವಿಷಯದಲ್ಲಿ ನನಗೆ ತಕರಾರಿದೆ. ಈಗ ಎಲ್ಲ ಹಿಮಾಲಯದ ಫೋಟೋದಲ್ಲೂ ಬೆನ್ನು ತೋರಿಸಿ ನಿಂತ ಕೆಂಪು ಜಾಕೆಟ್ ಇದ್ದೇ ಇರುತ್ತದೆ. ನೋಡುವವರ ಗಮನ ಹಿಮ ಬಿಟ್ಟು ಆ ವ್ಯಕ್ತಿಯ ಮೇಲೆ ಹೋಗುತ್ತದೆ. ಗೋಮುಖದ ದಾರಿಯ ತಂಗುದಾಣ ಭೋಜ್‌ಬಾಸಾದ ಟೆಂಟು, ಸೇತುವೆ, ಕಾಡುಕುರಿ ಭರಲ್, ಇವು ಸಾಲದೇ?

ಗುಡ್ಡದಂಚು, ಹೊಸನಗರ
ಟೆಂಟು, ಸೇತುವೆ ಒಪ್ಪಿದೆ. ಭರಲ್ ಬೇಡ ಅನಿಸುತ್ತದೆ. ಅದರ ಭುಜದ ಎತ್ತರ ಎಷ್ಟು ಅಂತ ಸಾಗರದಲ್ಲೋ ಶಿಕಾರಿಪುರದಲ್ಲೋ ಚಿತ್ರ ನೋಡುವವರಿಗೆ ಗೊತ್ತಿರಲ್ಲ. ಅಳತೆ ಗೊತ್ತಿಲ್ಲದ ಪ್ರಾಣಿ ಅಳತೆಕೋಲಾಗದು. ಬಂಡೆಯೂ ಅಷ್ಟೇ, ಮುಷ್ಟಿಯಷ್ಟರದ್ದೂ ಮನೆಯಷ್ಟರದ್ದೂ ಒಂದೇ ಆಕಾರ. ಗೋಮುಖದ ಫೋಟೋ ಸೋಲುವುದೂ ಇದಕ್ಕೇ: ಹಿಮದ ಮೈ ಪೂರ್ತಿ ಕಲ್ಲು, ಕಲ್ಲಿಗೆ ತನ್ನದೇ ಗಾತ್ರದ ಗುರುತಿಲ್ಲ.

ಬೆನ್ನು ತೋರಿಸಿ ನಿಂತವರು ಬೇಸರ ತರಿಸುತ್ತಾರೆ ಅನ್ನುವುದು ನಿಜ. ಅವರು ಕ್ಯಾಮೆರಾ ಹತ್ತಿರ ಇರುವುದರಿಂದಲೇ ಹಾಗೆ. ದಾರಿಯಲ್ಲಿ ತಮ್ಮ ಪಾಡಿಗೆ ನಡೆಯುತ್ತಿರುವವರನ್ನು 400-500 ಮೀಟರಿನಿಂದ ತೆಗೆಯಿರಿ. ಕಾಲು ಅಗಲಿಸಿ ಹೆಜ್ಜೆ ಇಟ್ಟ ಕ್ಷಣ ನೋಡಿ ಒತ್ತಿ. ಚುಕ್ಕೆಯಷ್ಟಿದ್ದರೂ ಎರಡು ಕಾಲು ಬೇರೆಯಾಗಿ ಕಂಡರೆ ಮನುಷ್ಯ ಅಂತ ಗೊತ್ತಾಗುತ್ತದೆ. ಕೂತವರು ಬಂಡೆಯಾಗುತ್ತಾರೆ. ಬೂದು ಕಲ್ಲಿಗೆ ಕೆಂಪು, ಕಿತ್ತಳೆ ಎದ್ದು ಕಾಣುತ್ತವೆ. ಜೋಗದಲ್ಲಿ ಕಪ್ಪು ಬಂಡೆಗೆ ಹಳದಿ ರೇನ್‌ಕೋಟು. ಬಿಳಿ ಅಂಗಿ ಎರಡೂ ಕಡೆ ಮಾಯ.

ಡ್ರಾಂಗ್-ಡ್ರುಂಗ್‌ನದು ಬೇರೆ ಸಮಸ್ಯೆ. ಸುಮಾರು 23 ಕಿ.ಮೀ. ಉದ್ದದ ಹಿಮನದಿ, ಸುಮಾರು 4,400 ಮೀಟರ್ ಎತ್ತರದ ಪೆನ್ಸಿ ಲಾ ರಸ್ತೆಯಿಂದಲೇ ಕಾಣುತ್ತದೆ. ಅದಕ್ಕೇ ಎಲ್ಲರೂ ರಸ್ತೆಯಲ್ಲಿ ಬೈಕ್ ನಿಲ್ಲಿಸಿ, ಹಿಂದೆ ಹಿಮನದಿ ಬರುವಂತೆ ತೆಗೆಯುತ್ತಾರೆ. ಬೈಕ್ ದೊಡ್ಡದಾಗಿ ಹಿಮನದಿ ಓಣಿಯಾಗುತ್ತದೆ. ಹಿಮದ ಹತ್ತಿರ ಅಳತೆಗೆ ಏನೂ ಸಿಗದ ಇಂಥ ಕಡೆ ಹಿಮನದಿಯ ಬಾಗನ್ನೇ ನಂಬಬೇಕು. ಅದರ ಮೈಮೇಲೆ ಉದ್ದಕ್ಕೂ ಓಡುವ ಕಲ್ಲಿನ ಕಪ್ಪು ಪಟ್ಟಿಗಳು ಕ್ಯಾಮೆರಾ ಕಡೆ ಅಗಲವಾಗಿ, ದೂರ ಹೋದಂತೆ ಒಂದಕ್ಕೊಂದು ಕೂಡುತ್ತವೆ. ಆ ಪಟ್ಟಿಗಳು ಫ್ರೇಮಿನ ಕೆಳಗಿನ ಮೂಲೆಯಿಂದ ಶುರುವಾಗುವಂತೆ ನಿಲ್ಲಿ. ರಸ್ತೆಯಿಂದ ಐವತ್ತು ಮೀಟರ್ ಮೇಲೆ ಹತ್ತಿದರೂ ಬಾಗು ಬಿಚ್ಚಿಕೊಳ್ಳುತ್ತದೆ.

ಶರಾವತಿ ಹಿನ್ನೀರು, ಸಾಗರ
ಒಂದು ಎಚ್ಚರಿಕೆ, ದಯವಿಟ್ಟು ಗಮನವಿಟ್ಟು ಓದಿ. 'ಹಿಮದ ದೂರದಲ್ಲೇ ಮನುಷ್ಯ' ಅಂದ ಕೂಡಲೇ ಯಾರನ್ನೂ ಗೋಮುಖದ ಬಾಯಿಯ ಹತ್ತಿರ ಕಳಿಸಬೇಡಿ. ಬಿಸಿಲೇರಿದಂತೆ ಹಿಮ ಕರಗಿ, ಅದರಲ್ಲಿ ಹೂತ ಕಲ್ಲುಗಳು ಸಡಿಲವಾಗಿ ಬೀಳುತ್ತವೆ, ಹಿಮದ ತುಂಡುಗಳೂ ಕಳಚುತ್ತವೆ. ಅರಣ್ಯ ಸಿಬ್ಬಂದಿ ಹಾಕಿದ ಗಡಿ ಎಲ್ಲಿದೆಯೋ ಅಲ್ಲೇ ನಿಲ್ಲಬೇಕು.

ಅದಕ್ಕೆ ದಾರಿ ಇದೆ. ಕ್ಯಾಮೆರಾ ಇನ್ನೂ ಹಿಂದೆ ಹೋಗಲಿ. ಕ್ಯಾಮೆರಾದಿಂದ ಹಿಮ 800 ಮೀಟರ್, ಮನುಷ್ಯ 700 ಮೀಟರ್ ದೂರದಲ್ಲಿದ್ದರೆ ಅವನು ಇರಬೇಕಾದ್ದಕ್ಕಿಂತ ಏಳನೇ ಒಂದು ಭಾಗ ಮಾತ್ರ ದೊಡ್ಡದಾಗಿ ಕಾಣುತ್ತಾನೆ. ಅಷ್ಟು ವ್ಯತ್ಯಾಸ ಯಾರ ಕಣ್ಣಿಗೂ ಬೀಳದು. ಅವನು ಹಿಮದಿಂದ ನೂರು ಮೀಟರ್ ದೂರ ಉಳಿದ. ಟೆಲಿ ಲೆನ್ಸ್ ಹೊರುವುದರ ನಿಜವಾದ ಲಾಭ ಇದು.

ಅನುಮತಿ: ಗಂಗೋತ್ರಿ ರಾಷ್ಟ್ರೀಯ ಉದ್ಯಾನಕ್ಕೆ ದಿನಕ್ಕೆ 150 ಜನರ ಮಿತಿ ಇದೆ. ಗಂಗೋತ್ರಿಯಿಂದ ಚಿರ್‌ಬಾಸಾ 9 ಕಿ.ಮೀ., ಭೋಜ್‌ಬಾಸಾ 14, ಗೋಮುಖ 18. ಅನುಮತಿ ಇಲ್ಲದೆ ಡ್ರೋನ್ ಒಯ್ಯಬೇಡಿ.

ತುಂಗಾತೀರ, ಶಿವಮೊಗ್ಗ
ಬೆಳಕಿನ ಹೊತ್ತು ಯಾವುದು? ಎಕ್ಸ್‌ಪೋಶರ್ ಎಷ್ಟು ಏರಿಸಬೇಕು? ಹಿಮಕ್ಕೆ +2 (ಕ್ಯಾಮೆರಾ ಮೀಟರ್ ಹೇಳಿದ್ದರ ನಾಲ್ಕು ಪಟ್ಟು ಬೆಳಕು) ಅಂತ ಕೆಲವರು ಹೇಳುತ್ತಾರೆ.

ಬೆಳಕಿಂಡಿ, ಭದ್ರಾವತಿ
ಗಂಗೋತ್ರಿ ಹಿಮನದಿ ವಾಯವ್ಯಕ್ಕೆ ಹರಿಯುತ್ತದೆ, ಅದರ ಮುಖವೂ ಅತ್ತ ಕಡೆಗೇ. ಬೆಳಗಿನ ಬಿಸಿಲು ಅದರ ಹಿಂದಿನಿಂದ ಬರುವುದರಿಂದ ಮುಂಜಾನೆ ಗೋಡೆ ನೆರಳಲ್ಲಿರುತ್ತದೆ. ಮಧ್ಯಾಹ್ನದ ನಂತರ ಓರೆ ಬೆಳಕು ಬಿದ್ದಾಗ ಪದರ, ಬಿರುಕು ಎದ್ದು ಕಾಣುತ್ತವೆ. ಭಾಗೀರಥಿ ಶಿಖರಗಳು ಭೋಜ್‌ಬಾಸಾದಿಂದ ಸಂಜೆ ಚೆಂದ. ಶಿವಲಿಂಗಕ್ಕೆ ಗೋಮುಖದಾಚೆಯ ತಪೋವನ ಬಯಲಿನಿಂದ ಸೂರ್ಯೋದಯ.

+2 ಅನ್ನುವುದು ಬಿಸಿಲು ಬಿದ್ದ ಬಿಳಿ ಹಿಮವೇ ಫ್ರೇಮ್ ತುಂಬಿದಾಗ, ಅಥವಾ ಅದರ ಮೇಲೇ ಸ್ಪಾಟ್ ಮೀಟರ್ (ಒಂದು ಚಿಕ್ಕ ಜಾಗದ ಬೆಳಕನ್ನಷ್ಟೇ ಅಳೆಯುವ ಆಯ್ಕೆ) ಹಿಡಿದಾಗ. ಗೋಮುಖದಲ್ಲಿ ಮುಂದೆ ಬೂದು ಕಲ್ಲು, ಹಿಂದೆ ಹೊಳೆಯುವ ಶಿಖರ. ಅಲ್ಲಿ +2 ಹಾಕಿದರೆ ಶಿಖರ ಸುಟ್ಟುಹೋಗುತ್ತದೆ. ಹಿಸ್ಟೋಗ್ರಾಂ (ಚಿತ್ರದ ಬೆಳಕು-ನೆರಳಿನ ನಕ್ಷೆ) ಬಲ ಅಂಚು ಮುಟ್ಟುವ ಮೊದಲೇ ನಿಲ್ಲಿಸಿ, ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದ ಮೂಲ ಫೈಲ್) ತೆಗೆಯಿರಿ, ಬೂದನ್ನು ಆಮೇಲೆ ಸ್ವಲ್ಪ ಎತ್ತಿ. ಜೋಗದ ಬಿಳಿ ನೀರು, ಕಪ್ಪು ಬಂಡೆಯೂ ಇದೇ ಪಾಠ. ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಆಟೋ ಬೇಡ, ಬಿರುಕಿನೊಳಗಿನ ನೀಲಿಯನ್ನು ಅದು ತೊಳೆದುಹಾಕುತ್ತದೆ. 5,200 ಕೆಲ್ವಿನ್‌ಗೆ ನಿಲ್ಲಿಸಿ.

ಫೋಕಸ್: ಎಫ್/8ರಲ್ಲಿ (ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಚಿಕ್ಕದು) 24 ಮಿ.ಮೀ. ಆದರೆ ಎರಡೂವರೆ ಮೀಟರಿಗೆ ಫೋಕಸ್ ಇಟ್ಟರೆ ಅನಂತದವರೆಗೂ ಸರಿ. 200 ಮಿ.ಮೀ. ಆದರೆ ಆ ದೂರ ಸುಮಾರು 167 ಮೀಟರ್. ಅರ್ಧ ಕಿ.ಮೀ. ಆಚೆಯ ಮನುಷ್ಯ, ಹಿಮ ಎರಡೂ ಸ್ಪಷ್ಟ ಬರುತ್ತವೆ, ಎಫ್/16ಕ್ಕೆ ಹೋಗಬೇಕಿಲ್ಲ. ಇಷ್ಟಾದರೂ ಮಧ್ಯಾಹ್ನದ ಟೆಲಿ ಚಿತ್ರ ಮಂಕಾಗಿ ಬಂದರೆ ಲೆನ್ಸಿನ ದೋಷ ಅಂತ ತೀರ್ಮಾನಿಸಬೇಡಿ. ಕಾದ ಕಲ್ಲಿನ ಮೇಲಿಂದ ಏಳುವ ಬಿಸಿಗಾಳಿ ಚಿತ್ರವನ್ನು ಅಲ್ಲಾಡಿಸುತ್ತದೆ. ಒಂದೇ ಫ್ರೇಮನ್ನು ಹತ್ತು ಸಲ ಒತ್ತಿ ಚೂಪಾದದ್ದನ್ನು ಆರಿಸಿ, ಇಲ್ಲವೇ ಮೋಡ ಮುಚ್ಚುವವರೆಗೆ ಕಾಯಿರಿ.

ಅಡಿಕೆ ಚಪ್ಪರ, ಸೊರಬ
ಪನೋರಮಾ?

ಮಂಜುಮಲೆ, ತೀರ್ಥಹಳ್ಳಿ
ತೆಗೆಯಿರಿ, ಆದರೆ ಗೋಡೆಗೆ ಹಾಕುವ ಪ್ರಿಂಟಿಗೆ ಮಾತ್ರ. 120 ಡಿಗ್ರಿಯ ಪನೋರಮಾ ಮೊಬೈಲಿನಲ್ಲಿ ಬೆರಳಗಲದ ಪಟ್ಟಿ. ಕ್ಯಾಮೆರಾ ಲಂಬವಾಗಿ ಹಿಡಿದು 50 ಮಿ.ಮೀ.ನಲ್ಲಿ ಏಳು ಫ್ರೇಮ್ ಸಾಕು. ಒಂದೊಂದೂ ಹಿಂದಿನದರ ಮೂರನೇ ಒಂದು ಭಾಗವನ್ನು ಮತ್ತೆ ಹಿಡಿಯಬೇಕು. ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್, ಫೋಕಸ್ ಮೂರೂ ಮ್ಯಾನುಯಲ್. ಹತ್ತಿರದ ಬಂಡೆ ಫ್ರೇಮಿಗೆ ಬಂದರೆ ಜೋಡಣೆ ಒಡೆಯುತ್ತದೆ. ಬೆಳಕಿದ್ದಾಗ ಇದಕ್ಕೆ ಟ್ರೈಪಾಡ್ ಬೇಕಿಲ್ಲ, ಮುಂಜಾನೆ ಸಂಜೆಗೆ ಹಗುರದ ಒಂದು ಟ್ರೈಪಾಡ್ ಇಡೀ ತಂಡಕ್ಕೆ ಸಾಕು. ಗಾಳಿ ಜೋರಿದ್ದರೆ ನಡುಕಂಬಕ್ಕೆ ಬ್ಯಾಗ್ ನೇತುಹಾಕಿ, ಬ್ಯಾಗಿನ ತಳ ನೆಲಕ್ಕೆ ತಾಗಿರಲಿ.

ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಒಳಜೇಬಿನಲ್ಲಿಡಿ. ಹೊರಗಿನ ಚಳಿಯಿಂದ ಟೆಂಟಿನೊಳಗೆ ಬರುವ ಮೊದಲೇ ಕ್ಯಾಮೆರಾವನ್ನು ಜಿಪ್ ಕವರಿಗೆ ಹಾಕಿ ಮುಚ್ಚಿ. ಎಸಿ ಕಾರಿನಿಂದ ಆಗುಂಬೆ ಮಳೆಗೆ ಇಳಿದ ಕೂಡಲೇ ಲೆನ್ಸ್ ಬೆವರುತ್ತದಲ್ಲ, ಕಾರಣ ಅದೇ: ತಣ್ಣಗಿನ ಗಾಜಿಗೆ ತೇವದ ಗಾಳಿ ತಾಗುವುದು. ಊರಿಗೆ ಬಂದ ಮೇಲೆ ಬ್ಯಾಗಿನಲ್ಲೇ ಬಿಡಬೇಡಿ. ಮಲೆನಾಡಿನ ಮನೆಯಲ್ಲಿ ಲೆನ್ಸಿಗೆ ಫಂಗಸ್ ಹತ್ತಲು ಹೆಚ್ಚು ಕಾಲ ಬೇಡ. ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬ, ಒಳಗೆ ತೇವಾಂಶ ಶೇ 40ರಿಂದ 50.

ಬೆಳಕಿಂಡಿ, ಭದ್ರಾವತಿ
ಇನ್ನೊಂದು ಕೆಲಸ ಮಾಡಿ ಬನ್ನಿ. ಬ್ರಿಟಿಷ್ ಛಾಯಾಗ್ರಾಹಕ ಸ್ಯಾಮ್ಯುಯಲ್ ಬೋರ್ನ್ 1866ರಲ್ಲಿ ಗಾಜಿನ ಪ್ಲೇಟು ಹೊರಿಸಿಕೊಂಡು ಹೋಗಿ ಗೋಮುಖದ ಹಿಮದ ಬಾಯಿಯನ್ನು ತೆಗೆದಿದ್ದರು. 1935ರಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣೆಯ ಜೆ. ಬಿ. ಆಡೆನ್ ಅದರ ನಕ್ಷೆ ಮಾಡಿದರು. ಹಿಮನದಿ ಎಷ್ಟು ಹಿಂದೆ ಸರಿದಿದೆ ಅಂತ ಅಳೆಯಲು ಇಂಥ ಹಳೆಯ ದಾಖಲೆಗಳೇ ಆಧಾರ. ನಿಮ್ಮ ಒಂದು ಫೋಟೋವಾದರೂ ಹಾಗೆ ಉಪಯೋಗಕ್ಕೆ ಬರಲಿ. ದಾರಿಯ ಕದಲದ ಬಂಡೆ ಪಕ್ಕ ನಿಂತು ಹಿಮದ ಮುಖ, ಎರಡೂ ಬದಿಯ ಬೆಟ್ಟದ ಅಂಚು, ಹಿಂದಿನ ಶಿಖರ ಎಲ್ಲ ಬರುವಂತೆ ತೆಗೆಯಿರಿ. ಜಿಪಿಎಸ್ ಗುರುತು, ದಿನಾಂಕ, ಗಂಟೆ, ಫೋಕಲ್ ಲೆಂತ್, ಕ್ಯಾಮೆರಾ ನೆಲದಿಂದ ಎಷ್ಟು ಎತ್ತರ, ಯಾವ ದಿಕ್ಕಿಗೆ ಎಷ್ಟು ಡಿಗ್ರಿ, ಇಷ್ಟು ಬರೆದಿಡಿ. ನಿಂತ ಬಂಡೆಯದೂ ಒಂದು ಫೋಟೋ ಇರಲಿ. ಮುಂದೆ ಹೋಗುವವರು ಅದೇ ಜಾಗಕ್ಕೆ ನಿಂತು ತೆಗೆಯಬಹುದು. ಇದಕ್ಕೆ ಎಡಿಟ್, ಕ್ರಾಪ್ ಯಾವುದೂ ಬೇಡ, ಮೂಲ ಫೈಲ್ ಹಾಗೇ ಉಳಿಸಿ.

ತುಂಗಾತೀರ, ಶಿವಮೊಗ್ಗ
ಎಲ್ಲರಿಗೂ ಧನ್ಯವಾದ. ಹಾಗಾದರೆ ಜೋಗದಲ್ಲಿ ಮೊದಲು 70-200 ಹಾಕಿಯೇ ಶುರುಮಾಡುತ್ತೇವೆ. ಕೊನೆಯ ಪ್ರಶ್ನೆ: ಪ್ರದರ್ಶನಕ್ಕೆ ಪ್ರಿಂಟ್ ಎಷ್ಟು ದೊಡ್ಡದಿರಬೇಕು?

ಗುಡ್ಡದಂಚು, ಹೊಸನಗರ
12×18 ಇಂಚಿನ ಪ್ರಿಂಟಿನಲ್ಲಿ, 70 ಮಿ.ಮೀ.ನಲ್ಲಿ ತೆಗೆದ ಆ 40 ಪಿಕ್ಸೆಲ್ ಮನುಷ್ಯ 3 ಮಿ.ಮೀ. ಬರುತ್ತಾನೆ. ಕೈಯಲ್ಲಿ ಹಿಡಿದು ನೋಡಲು ಸಾಕು, ಗೋಡೆಗೆ ಸಾಲದು. 24×36 ಮಾಡಿಸಿದರೆ 6 ಮಿ.ಮೀ. ಆಗುತ್ತದೆ, ಸುಮಾರು 167 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ), ಎರಡಡಿ ದೂರದಿಂದ ಚೆನ್ನಾಗಿರುತ್ತದೆ. ಮ್ಯಾಟ್ ಪೇಪರ್ ಹೇಳಿ. ಹೊಳೆಯುವ ಪೇಪರಿನಲ್ಲಿ ಟ್ಯೂಬ್‌ಲೈಟಿನ ಪ್ರತಿಫಲನ ಬಿದ್ದು, ಅಷ್ಟು ಚಿಕ್ಕ ಮನುಷ್ಯ ಕಾಣದೇ ಹೋಗುತ್ತಾನೆ. ಮೊದಲು ಆ ಮನುಷ್ಯ ಇರುವ ಭಾಗವನ್ನಷ್ಟೇ ನಿಜ ಅಳತೆಯಲ್ಲಿ ಎ4 ಹಾಳೆಗೆ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿ ನೋಡಿ, ಆಮೇಲೆ ದೊಡ್ಡದಕ್ಕೆ ಕೊಡಿ.